ಹುಲಕೋಟಿ ಪಾಟೀಲರು, ಹಲವು ನುಡಿಯ ಮತದಾರರು

ಎಚ್.ಕೆ. ಪಾಟೀಲ ಎಂದೇ ಎಲ್ಲರಿಗೂ ಗೊತ್ತಿರುವ ಹನುಮಂತಗೌಡ ಕೃಷ್ಣಗೌಡ ಪಾಟೀಲರು ಹುಟ್ಟಿದ್ದು 1953ರ ಆಗಸ್ಟ್ 15ರಂದು. ಊರು ಹುಲಕೋಟಿ. ಗದಗಿನಿಂದ ಹುಬ್ಬಳ್ಳಿಗೆ ಹೊರಟರೆ ಹತ್ತಿರದಲ್ಲೇ ಸಿಗುವ ದೊಡ್ಡ ಹಳ್ಳಿ ಅದು. ಆಗ ಗದಗ ತಾಲ್ಲೂಕು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತದ್ದೂ, ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದದ್ದೂ ಅದೇ ವರ್ಷ. ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯಲ್ಲಿ ಏಕೀಕರಣದ ಮಾತು ಎತ್ತಿದವರು. ಈ ಭಾಗದಿಂದ ಶಾಸಕನಾಗಬೇಕೆಂದವನು ಆಗ ಮುಂಬಯಿಗೆ ಹೋಗಬೇಕಿತ್ತು. ಮರಾಠಿ, ಗುಜರಾತಿ, ಇಂಗ್ಲಿಷ್ ಆಡುವವರ ನಡುವೆ ನಿಂತು ಕನ್ನಡ ಹಳ್ಳಿಗಳ ಕೆಲಸ ಮಾಡಿಸಿಕೊಳ್ಳಬೇಕಿತ್ತು. 1956ರ ನವೆಂಬರ್ 1ರ ನಂತರ ಆ ದಾರಿ ಬೆಂಗಳೂರಿನ ಕಡೆ ತಿರುಗಿತು. ಪಾಟೀಲರಿಗೆ ಆಗ ಮೂರು ವರ್ಷ.

ಅವರ ರಾಜಕೀಯ ಬದುಕನ್ನು ಅರಿಯಲು ಈ ಸೀಮೆಯ ಹಳೆಯ ಗಡಿಗಳನ್ನು ಒಮ್ಮೆ ನೋಡಬೇಕು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. ಆದರೆ ಜಿಲ್ಲೆಯ ಒಳಗಿನ ಗೆರೆಗಳು ಅದಕ್ಕಿಂತ ಬಹಳ ಹಳೆಯವು. ಗದಗ-ಬೆಟಗೇರಿ ನೇರವಾಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕಾಗಿತ್ತು. ಲಕ್ಷ್ಮೇಶ್ವರ ಮಿರಜದ ಹಿರಿಯ ಸಂಸ್ಥಾನದ ಊರು. ಎರಡೂ ಸಂಸ್ಥಾನಗಳು ಪಟವರ್ಧನ ಮನೆತನದವು. 1948ರಲ್ಲಿ ಅವು ಮುಂಬಯಿ ರಾಜ್ಯದಲ್ಲಿ ವಿಲೀನವಾಗುವವರೆಗೆ ಈ ಎರಡು ಕನ್ನಡ ಊರುಗಳ ರೈತರು ಕಂದಾಯದ ತಕರಾರಿಗೆ, ಇನಾಮು ಜಮೀನಿನ ಹಕ್ಕಿಗೆ ಕೃಷ್ಣಾ ತೀರದ ಮರಾಠಿ ಕಚೇರಿಗಳತ್ತ ನೋಡಬೇಕಿತ್ತು. ಮುಂಡರಗಿಯದು ಇನ್ನೊಂದು ಕತೆ. ಅದು ಧಾರವಾಡ ಜಿಲ್ಲೆಯ ಮೂಡಣ ಅಂಚು, ಅದರಾಚೆಯ ಕೊಪ್ಪಳ ನಿಜಾಮರ ರಾಜ್ಯ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯರು ಕೊನೆಯ ಹೋರಾಟ ಕೊಟ್ಟದ್ದು ಆ ಗೆರೆ ದಾಟಿ, ಕೊಪ್ಪಳದ ಕೋಟೆಯಲ್ಲಿ. ಆಮೇಲೂ ಸುಮಾರು ತೊಂಬತ್ತು ವರ್ಷ ಆ ಗೆರೆ ಅಲ್ಲೇ ಇತ್ತು. ಈಚೆ ಕಡೆ ಶಾಲೆಯಲ್ಲಿ ಕನ್ನಡ, ಮೇಲಿನ ಕಚೇರಿಯಲ್ಲಿ ಇಂಗ್ಲಿಷ್, ಮರಾಠಿ. ಆಚೆ ಕಡೆ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಬೀಗರು ಮಾತ್ರ ಎರಡೂ ಕಡೆ.

ಆ ದಿನಗಳ ಗುರುತು ಇನ್ನೂ ಅಳಿದಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿಯ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಗದಗಳಿವೆ. ಹೊಲದ ವ್ಯಾಜ್ಯ ಕೋರ್ಟಿಗೆ ಹೋದಾಗ ಮೋಡಿ ಓದಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ, ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೊಲದ ಪಹಣಿಯನ್ನು ಇಲ್ಲಿಯ ರೈತ ಇಂದಿಗೂ ಉತಾರ ಎಂದೇ ಕೇಳುತ್ತಾನೆ. ಮನೆಮಾತುಗಳಂತೂ ಹಲವು. ಬೆಟಗೇರಿಯ ನೇಕಾರ ಓಣಿಗಳಲ್ಲಿ ದೇವಾಂಗ, ಕುರುಹಿನಶೆಟ್ಟಿ ಕುಟುಂಬಗಳ ಪಕ್ಕದಲ್ಲೇ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮಾಜದ ಪಟ್ಟೇಗಾರರು ಇದ್ದಾರೆ. ಮಗ್ಗದ ಮುಂದೆ ಗಿರಾಕಿಯ ಜೊತೆ ಅಪ್ಪಟ ಗದಗಿನ ಕನ್ನಡ ಆಡುವ ಇವರು ಒಳಗೆ ಅಡುಗೆಮನೆಗೆ ಹೋದರೆ ತಮ್ಮದೇ ಮಾತಿಗೆ ಬರುತ್ತಾರೆ. ಲಕ್ಷ್ಮೇಶ್ವರದಲ್ಲಿ ದೂದನಾನಾ ದರ್ಗಾದ ಸುತ್ತಲ ಮೊಹಲ್ಲಾಗಳಲ್ಲಿ ಕನ್ನಡ ಬೆರೆತ ಉರ್ದು ಕೇಳುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಕಪ್ಪತಗುಡ್ಡದ ಮಗ್ಗುಲಿನ ತಾಂಡಾಗಳಲ್ಲಿ ಮನೆಯೊಳಗೆ ಲಂಬಾಣಿ, ಸಂತೆಯಲ್ಲಿ ಕನ್ನಡ. ಲಂಬಾಣಿ ಹಾಡನ್ನು ಬರೆದಿಡಬೇಕಾದರೆ ಮಕ್ಕಳು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಮತ ಕೇಳಲು ಹೊರಟವನು ಈ ಎಲ್ಲ ಹೊಸ್ತಿಲುಗಳಲ್ಲಿ ನಿಲ್ಲಬೇಕು.

ಪಾಟೀಲರ ಮನೆತನಕ್ಕೆ ಆ ಹೊಸ್ತಿಲುಗಳ ದಾರಿ ತೋರಿಸಿದ್ದು ಸಹಕಾರ ಸಂಘ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಹಕಾರ ಕಾಯಿದೆ ಬಂದದ್ದು ಅದರ ಹಿಂದಿನ ವರ್ಷ, 1904ರಲ್ಲಿ. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಕಣಗಿನಹಾಳಕ್ಕೆ ಹೆಸರು. ಮಳೆ ನೆಚ್ಚಿದ ಎರೆ ಹೊಲ, ಹತ್ತಿ, ಜೋಳ, ಕಡಲೆ, ಬೆಳೆ ಕೈಕೊಟ್ಟ ವರ್ಷ ಸಾಹುಕಾರನ ಬಡ್ಡಿ: ಇಂಥ ನಾಡಿನಲ್ಲಿ ಸೊಸೈಟಿಯ ಕಟ್ಟೆಗೆ ಚಾವಡಿಗಿಂತ ಹೆಚ್ಚಿನ ಬೆಲೆ ಬಂತು. ಸಾಲದ ಪುಸ್ತಕದಲ್ಲಿ ಹೆಸರಿದ್ದವನ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ. ಅವನ ಕಂತು ಬಂತೇ, ಬೀಜಕ್ಕೆ ದುಡ್ಡು ಸಿಕ್ಕಿತೇ ಎಂಬುದೇ ಅಲ್ಲಿ ಮುಖ್ಯ. ಗದಗ ಸೀಮೆಯ ನಾಯಕತ್ವ ಭಾಷಣದಿಂದ ಬೆಳೆದದ್ದಕ್ಕಿಂತ ಈ ಲೆಕ್ಕದ ಪುಸ್ತಕಗಳಿಂದ ಬೆಳೆದದ್ದೇ ಹೆಚ್ಚು.

ತಂದೆ ಕೆ.ಎಚ್. ಪಾಟೀಲರು ಆ ಬಗೆಯ ನಾಯಕರು. 1925ರಲ್ಲಿ ಹುಟ್ಟಿದ ಕೃಷ್ಣಗೌಡರು ಹುಲಕೋಟಿಯಲ್ಲಿ ಸಹಕಾರಿ ಸಂಸ್ಥೆಗಳನ್ನು ಒಂದರ ಹಿಂದೆ ಒಂದು ಕಟ್ಟಿದರು. ಸುತ್ತಲ ಹೊಲಗಳ ಹತ್ತಿಗೆ ಊರಿನಲ್ಲೇ ನೂಲಿನ ಗಿರಣಿ ಬಂತು. ಗದಗ ಕ್ಷೇತ್ರದಿಂದ ಹಲವು ಸಲ ವಿಧಾನಸಭೆಗೆ ಆರಿಸಿಬಂದ ಅವರು ಸಚಿವರೂ ಆದರು, 1970ರ ದಶಕದಲ್ಲಿ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಅವರಿಗೆ ಎದುರಾಗಿ ನಿಲ್ಲಬಲ್ಲವರು ಪಕ್ಷದಲ್ಲಿ ಬೆರಳೆಣಿಕೆಯ ಮಂದಿ. ಅವರಲ್ಲಿ ಕೆ.ಎಚ್. ಪಾಟೀಲರು ಒಬ್ಬರು. ಜನ ಅವರನ್ನು ಹುಲಕೋಟಿಯ ಹುಲಿ ಎಂದು ಕರೆದದ್ದು ಆ ಗಟ್ಟಿತನಕ್ಕಾಗಿ. 1992ರಲ್ಲಿ ಅವರು ತೀರಿಕೊಂಡ ಮೇಲೆ ಗದಗ ವಿಧಾನಸಭಾ ಕ್ಷೇತ್ರ ಮನೆತನದವರೇ ಆದ ಡಿ.ಆರ್. ಪಾಟೀಲರ ಕೈಗೆ ಬಂತು. ಒಂದೇ ಮನೆತನ ಇಷ್ಟು ವರ್ಷ ಒಂದು ಸೀಮೆಯ ರಾಜಕಾರಣವನ್ನು ಹಿಡಿದಿಟ್ಟುಕೊಂಡಿತೆಂಬ ಟೀಕೆ ಗದಗಿನಲ್ಲಿ ಪ್ರತಿ ಚುನಾವಣೆಯಲ್ಲೂ ಕೇಳುತ್ತದೆ. ಆ ಟೀಕೆಯಲ್ಲಿ ಹುರುಳಿದೆ. ಹೊಸಬರಿಗೆ ಜಾಗ ಸಿಗುವುದು ಕಷ್ಟವಾದದ್ದು ನಿಜ, ಗೆದ್ದವರು ಪ್ರತಿ ಸಲವೂ ಮತ ಕೇಳಿಯೇ ಗೆದ್ದರೆಂಬುದೂ ಅಷ್ಟೇ ನಿಜ.

ಮಗ ಮಾತ್ರ ತಂದೆಯ ಕ್ಷೇತ್ರದಿಂದ ಶುರು ಮಾಡಲಿಲ್ಲ. ವಿಜ್ಞಾನದ ಪದವಿ, ಅದರ ಮೇಲೆ ಕಾನೂನು ಓದಿದ ಎಚ್.ಕೆ. ಪಾಟೀಲರು 1984ರಲ್ಲಿ ಪಶ್ಚಿಮ ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆರಿಸಿಬಂದರು. ಮೇಲ್ಮನೆಗೆ ಕನಿಷ್ಠ ವಯಸ್ಸು 30. ಅವರು ಅದನ್ನು ಆಗಷ್ಟೇ ದಾಟಿದ್ದರು. ಅಲ್ಲಿಂದ 2008ರವರೆಗೆ, ನಾಲ್ಕು ಅವಧಿ, 24 ವರ್ಷ, ಆ ಕ್ಷೇತ್ರ ಅವರದೇ ಆಗಿತ್ತು.

ಪದವೀಧರ ಕ್ಷೇತ್ರವೆಂದರೆ ಏನೆಂದು ಬಹಳ ಮತದಾರರಿಗೆ ಇಂದಿಗೂ ಸ್ಪಷ್ಟವಿಲ್ಲ. ಕರ್ನಾಟಕದ ಪರಿಷತ್ತಿನಲ್ಲಿ 75 ಸ್ಥಾನ. ಅದರಲ್ಲಿ ಪದವೀಧರರು ಆರಿಸುವವರು 7, ಶಿಕ್ಷಕರು ಆರಿಸುವವರು 7. ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭೆಯ ಸದಸ್ಯರಿಂದ 25, ಉಳಿದ 11 ನಾಮಕರಣ. ಪದವಿ ಪಡೆದು ಮೂರು ವರ್ಷ ಆದವರು ಮಾತ್ರ ಪದವೀಧರ ಕ್ಷೇತ್ರದ ಮತದಾರರು. ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಹೋದ ಸಲ ಮತ ಹಾಕಿದವನೂ ನಮೂನೆ 18ನ್ನು ಮತ್ತೆ ತುಂಬಿ, ಪದವಿ ಪ್ರಮಾಣಪತ್ರದ ನಕಲು ಲಗತ್ತಿಸಿ ಕೊಡಬೇಕು. ಹೀಗಾಗಿ ಈ ಚುನಾವಣೆಯ ಅರ್ಧ ಕೆಲಸ ಮತದಾನಕ್ಕಿಂತ ತಿಂಗಳುಗಳ ಮುಂಚೆ, ಅರ್ಜಿ ತುಂಬಿಸುವುದರಲ್ಲೇ ಮುಗಿದಿರುತ್ತದೆ. ಕಾಲೇಜಿನ ಸಿಬ್ಬಂದಿ ಕೋಣೆ, ವಕೀಲರ ಸಂಘ, ಸಹಕಾರಿ ಬ್ಯಾಂಕು, ತಾಲ್ಲೂಕು ಕಚೇರಿ, ಔಷಧ ಅಂಗಡಿ: ಅರ್ಜಿಯ ಕಟ್ಟು ಹಿಡಿದ ಕಾರ್ಯಕರ್ತ ಇಲ್ಲೆಲ್ಲ ಅಲೆಯಬೇಕು. ಹಳ್ಳಿ ಹಳ್ಳಿಯಲ್ಲಿ ಸೊಸೈಟಿ ಕಾರ್ಯದರ್ಶಿಗಳ ಪರಿಚಯ ಇದ್ದ ಮನೆತನಕ್ಕೆ ಇದರಲ್ಲಿ ಆದ ಅನುಕೂಲ ದೊಡ್ಡದು.

ಮತಪತ್ರವೂ ಬೇರೆ. ಪಕ್ಷದ ಚಿಹ್ನೆ ಇರುವುದಿಲ್ಲ, ಹಸ್ತವೂ ಇಲ್ಲ, ಕಮಲವೂ ಇಲ್ಲ, ಹೆಸರು ಓದಿಯೇ ಮತ ಹಾಕಬೇಕು. ಮುದ್ರೆ ಒತ್ತುವಂತಿಲ್ಲ, ಸರಿ ಗುರುತು ಹಾಕುವಂತಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಮೊದಲ ಆಯ್ಕೆಯ ಅಭ್ಯರ್ಥಿಯ ಮುಂದೆ 1 ಎಂದು ಬರೆಯಬೇಕು. ಬೇಕಿದ್ದರೆ ಉಳಿದವರ ಮುಂದೆ 2, 3 ಎಂದು ಬರೆಯಬಹುದು. ಈ ಅಂಕಿಯನ್ನು ಕನ್ನಡದಲ್ಲಿ ೧ ಎಂದು ಬರೆದರೂ ನಡೆಯುತ್ತದೆ, ರೋಮನ್ ಅಂಕಿಯೂ ನಡೆಯುತ್ತದೆ, ಭಾರತದ ಯಾವುದೇ ಭಾಷೆಯ ಅಂಕಿಯೂ ನಡೆಯುತ್ತದೆ. ಒಂದು ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ಮತ ತಿರಸ್ಕೃತ. ಹಳಿಯಾಳದ ಮರಾಠಿ ಶಾಲೆಯಲ್ಲಿ ಓದಿದ ಪದವೀಧರ ತನ್ನ ದೇವನಾಗರಿ ಅಂಕಿ ಬರೆಯಲಿ, ಹುಬ್ಬಳ್ಳಿಯ ಉರ್ದು ಶಾಲೆಯ ಮೇಷ್ಟ್ರು ತನ್ನ ಅಂಕಿ ಬರೆಯಲಿ, ಎಣಿಕೆಯ ಮೇಜಿನ ಮೇಲೆ ಎಲ್ಲದಕ್ಕೂ ಒಂದೇ ಬೆಲೆ. ಗಡಿಯ ಜನರನ್ನು ಹೀಗೆ ಅವರವರ ಬರಹದಲ್ಲೇ ಒಪ್ಪಿಕೊಳ್ಳುವ ನಿಯಮ ಚುನಾವಣೆಯ ಪುಸ್ತಕದಲ್ಲಿ ಸದ್ದಿಲ್ಲದೆ ಕೂತಿದೆ. ಅದು ಇನ್ನಷ್ಟು ಜನರಿಗೆ ತಿಳಿಯಬೇಕು.

ಕ್ಷೇತ್ರದ ಹರವೂ ದೊಡ್ಡದು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಅಂದರೆ ಮುಂಡರಗಿಯ ತುಂಗಭದ್ರೆಯಿಂದ ಕಾರವಾರದ ಕಡಲಿನವರೆಗೆ. ಕಾರವಾರದಲ್ಲಿ ಕೊಂಕಣಿ, ಜೋಯಿಡಾ ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಸಿದ್ದಾಪುರದಲ್ಲಿ ಹವ್ಯಕರ ಕನ್ನಡ. ಗದಗಿನ ಬಿಚ್ಚು ಮಾತಿಗೆ ಒಗ್ಗಿದ ನಾಲಿಗೆ ಅಲ್ಲಿ ತಗ್ಗಿ ಮಾತಾಡುವುದನ್ನು ಕಲಿಯಬೇಕಾಗುತ್ತದೆ. ಪಾಟೀಲರ ಸದನದ ಮಾತಿಗೆ ಇಂದು ಇರುವ ಗುಣ, ಎಂದರೆ ದನಿ ಏರಿಸದೆ ನಿಯಮದ ಕಲಮು ಹೇಳಿ ವಾದ ಕಟ್ಟುವುದು, ಈ 24 ವರ್ಷಗಳ ಮೇಲ್ಮನೆಯ ಪಳಗುವಿಕೆಯಿಂದ ಬಂದದ್ದು. ಅವರು ಅಲ್ಲಿ ವಿರೋಧ ಪಕ್ಷದ ನಾಯಕರಾಗಿಯೂ ಕೆಲಸ ಮಾಡಿದರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಊರುಗಳ ಓದಿದವರಿಗೆ ಅವರು ಆಗ ಒಬ್ಬರೇ ಪ್ರತಿನಿಧಿ. ಓದದ ಬಹುಜನರಿಗೆ ಮಾತ್ರ ಮತದ ಸಂಬಂಧದವರಲ್ಲ. ಪದವೀಧರ ಕ್ಷೇತ್ರಗಳ ಮೂಲಭೂತ ಕೊರತೆ ಇದು. ತಾಂಡಾದಲ್ಲಿ ಮೊದಲ ಪದವೀಧರ ಹುಟ್ಟುವವರೆಗೆ ತಾಂಡಾ ಆ ಪಟ್ಟಿಯಲ್ಲೇ ಇರುವುದಿಲ್ಲ.

ಪರಿಷತ್ತಿನ ಸದಸ್ಯರಾಗಿದ್ದಾಗಲೇ ಅವರಿಗೆ ಸಚಿವ ಸ್ಥಾನಗಳು ಬಂದವು. ವೀರಪ್ಪ ಮೊಯ್ಲಿಯವರ ಸಂಪುಟದಲ್ಲಿ ಜವಳಿ ಖಾತೆ. ಬೆಟಗೇರಿಯ ಮಗ್ಗಗಳನ್ನೂ ಹುಲಕೋಟಿಯ ಗಿರಣಿಯನ್ನೂ ಕಂಡು ಬೆಳೆದವರಿಗೆ ಅದು ಹೊಸ ವಿಷಯವಾಗಿರಲಿಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದಾಗ ಭಾರಿ ನೀರಾವರಿ ಖಾತೆ ಸಿಕ್ಕಿತು. ಕಾವೇರಿಯ ಬಿಕ್ಕಟ್ಟು ಬಿಗಿಯಾದ ವರ್ಷಗಳು ಅವು. ಗದಗ ಸೀಮೆಗೆ ಅದಕ್ಕಿಂತ ಹತ್ತಿರದ್ದು ಕಳಸಾ-ಬಂಡೂರಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬಳಿ ಹುಟ್ಟುವ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡಕ್ಕೂ ನರಗುಂದ, ನವಲಗುಂದ, ರೋಣ, ಗದಗದ ಬಾಯಾರಿಕೆಗೂ ಕೊಡುವ ಯೋಜನೆ. 2002ರ ಏಪ್ರಿಲ್‌ನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ತಕರಾರು ತೆಗೆದ ಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ತಡೆಹಿಡಿಯಲಾಯಿತು. ಆ ಕೆಲವು ತಿಂಗಳ ಆಸೆ ಮುಂದೆ ನರಗುಂದದ ಧರಣಿಗಳಲ್ಲಿ ವರ್ಷಗಟ್ಟಲೆ ಉರಿಯಿತು. ಈ ನೀರಿನ ವಿವಾದದ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2018ರ ಆಗಸ್ಟ್‌ನಲ್ಲಿ. ನೀರಿನ ಜಗಳದಲ್ಲಿ ಭಾಷೆಯನ್ನು ಎಳೆದು ತರುವವರು ಎರಡೂ ಕಡೆ ಇದ್ದಾರೆ. ಕಣಕುಂಬಿಯ ಜನ ಮರಾಠಿ, ಕೊಂಕಣಿ ಆಡುತ್ತ ಕರ್ನಾಟಕದ ಪಡಿತರ ಚೀಟಿ ಹಿಡಿದವರು ಎಂಬುದು ಆ ಜಗಳದಲ್ಲಿ ಯಾರ ನೆನಪಿಗೂ ಬರುವುದಿಲ್ಲ. ನೀರಾವರಿಯ ನಂತರ ಕೃಷಿ ಖಾತೆ, 2004ರ ಧರಂ ಸಿಂಗ್ ಸರ್ಕಾರದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರ.

2008 ಈ ಬದುಕಿನ ತಿರುವು. ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಬಿಜೆಪಿಯ ಮೋಹನ ಲಿಂಬಿಕಾಯಿ ಗೆದ್ದರು. ಗದಗ ವಿಧಾನಸಭಾ ಕ್ಷೇತ್ರದಲ್ಲಿ ಅದೇ ಪಕ್ಷದ ಶ್ರೀಶೈಲಪ್ಪ ಬಿದರೂರರು ಡಿ.ಆರ್. ಪಾಟೀಲರನ್ನು ಸೋಲಿಸಿದರು. ಹುಲಕೋಟಿಗೆ ಎರಡೂ ಮನೆಯ ಬಾಗಿಲು ಒಂದೇ ವರ್ಷ ಮುಚ್ಚಿತು. ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದದ್ದೂ ಆ ಚುನಾವಣೆಯಲ್ಲೇ. ಮುಂಡರಗಿ ಎಂಬ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ತಾಲ್ಲೂಕು ಶಿರಹಟ್ಟಿ ಮತ್ತು ರೋಣ ಕ್ಷೇತ್ರಗಳ ನಡುವೆ ಹಂಚಿಹೋಯಿತು. ಶಿರಹಟ್ಟಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿಂದ ಗೆದ್ದವರನ್ನು ನೋಡಿದರೆ ಸಾಕು, ಬದಲಾವಣೆ ಕಾಣುತ್ತದೆ: 2008ರಲ್ಲಿ ಬಿಜೆಪಿಯ ರಾಮಪ್ಪ ಲಮಾಣಿ, 2013ರಲ್ಲಿ ಕಾಂಗ್ರೆಸ್ಸಿನ ರಾಮಕೃಷ್ಣ ದೊಡ್ಡಮನಿ, 2018ರಲ್ಲಿ ಮತ್ತೆ ರಾಮಪ್ಪ ಲಮಾಣಿ, 2023ರಲ್ಲಿ ಬಿಜೆಪಿಯ ಡಾ. ಚಂದ್ರು ಲಮಾಣಿ. ಮನೆಯಲ್ಲಿ ಲಂಬಾಣಿ ಆಡುವವರು ಇದೇ ಕ್ಷೇತ್ರದಲ್ಲಿರುವ ಸೋಮೇಶ್ವರನ ಊರು ಲಕ್ಷ್ಮೇಶ್ವರಕ್ಕೆ, ಪಂಪನ ಹೆಸರಿನೊಡನೆ ನೆನೆಯುವ ಆ ಹಳೆಯ ಪುಲಿಗೆರೆಗೆ, ಶಾಸಕರಾಗಿ ಬಂದರು. ಈ ಸೀಮೆಯ ಚುನಾವಣೆಗಳಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ಪಾಟೀಲರು 2013ರಲ್ಲಿ ತಂದೆಯ ಕ್ಷೇತ್ರಕ್ಕೆ ಬಂದರು. ಅರವತ್ತರ ಹೊಸ್ತಿಲಲ್ಲಿ ಮೊದಲ ಸಲ ವಿಧಾನಸಭೆ. 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದ ಗೆಲುವು. ಚುನಾವಣೆಯ ರೀತಿಯೇ ಬದಲಾಯಿತು. ನಮೂನೆ 18ರ ಬದಲು ಬೆಟಗೇರಿಯ ಓಣಿ ಓಣಿ, ಗಂಗಿಮಡಿಯ ಮನೆ ಮನೆ, ಎಪಿಎಂಸಿಯ ಹಮಾಲರ ಕಟ್ಟೆ. ಕ್ಷೇತ್ರದ ಅಗಲ ನಾಲ್ಕು ಜಿಲ್ಲೆಯಿಂದ ಒಂದು ತಾಲ್ಲೂಕಿಗೆ ಇಳಿಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ಈಗ ಅವರ ಮತದಾರರಲ್ಲ. ಆದರೆ ಜಿಲ್ಲಾ ಉಸ್ತುವಾರಿ ಸಚಿವರಾದದ್ದರಿಂದ ಆ ಊರುಗಳ ಅಹವಾಲು ಬರುವುದು ನಿಲ್ಲಲಿಲ್ಲ.

ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ಅವರದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಅವರ ಬದುಕಿನ ಗಟ್ಟಿ ಕೆಲಸ ನಡೆದದ್ದು ಈ ಐದು ವರ್ಷಗಳಲ್ಲಿ. 1993ರ ಪಂಚಾಯತ್ ರಾಜ್ ಕಾಯಿದೆಗೆ ದೊಡ್ಡ ತಿದ್ದುಪಡಿ ತಂದು ಗ್ರಾಮ ಸ್ವರಾಜ್ ಎಂಬ ಹೆಸರನ್ನು ಅದಕ್ಕೆ ಸೇರಿಸಿದರು. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿಯನ್ನು 30 ತಿಂಗಳಿನಿಂದ ಐದು ವರ್ಷಕ್ಕೆ ಏರಿಸುವುದು ಆಗ ಆ ತಿದ್ದುಪಡಿಯ ಮುಖ್ಯ ಅಂಶವಾಗಿತ್ತು. ಇದರ ತಿರುಳು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು: ಎರಡೂವರೆ ವರ್ಷದ ಅಧ್ಯಕ್ಷ ಕಡತ ಓದಿ ಮುಗಿಸುವಷ್ಟರಲ್ಲಿ ಕುರ್ಚಿ ಬಿಡುತ್ತಿದ್ದ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ 2016ರಲ್ಲಿ, ಅವರ ಒತ್ತಾಸೆಯಿಂದ. ಕಪ್ಪತಗುಡ್ಡದ ಸಾಲಿನ ನಾಗಾವಿ ಬಳಿ ಅದರ ಆವರಣ. ಅಕ್ರಮ ಗಣಿಗಾರಿಕೆ ಕುರಿತ ಸಂಪುಟ ಉಪಸಮಿತಿಯ ನೇತೃತ್ವವನ್ನೂ ಅವರು ವಹಿಸಿದ್ದರು.

ಊರಿನ ಮಟ್ಟದಲ್ಲಿ ಜನ ಅವರನ್ನು ಗುರುತಿಸುವುದು ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದಿಂದ. ಗದಗ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮುಂಡರಗಿ ತಾಲ್ಲೂಕಿನಲ್ಲಂತೂ ಹಲ್ಲು ಕಂದಿದ ಮಕ್ಕಳನ್ನು, ಕೀಲು ಬಿಗಿದ ಹಿರಿಯರನ್ನು ಹಳ್ಳಿ ಹಳ್ಳಿಯಲ್ಲಿ ಕಾಣಬಹುದಿತ್ತು. ಪಂಚಾಯಿತಿ ಕಟ್ಟೆಯ ಪಕ್ಕ ತಗಡಿನ ಚಾವಣಿಯ ಒಂದು ಕೋಣೆ, ಒಳಗೆ ನೀರು ಸೋಸುವ ಯಂತ್ರ, ಹೊರಗೆ ನಾಣ್ಯ ಹಾಕುವ ಕಿಂಡಿ. ನಾಣ್ಯ ಬಿದ್ದರೆ ಕ್ಯಾನು ತುಂಬುತ್ತದೆ. ಬೆಳಗ್ಗೆ ಅಲ್ಲಿ ಸಾಲು ನಿಂತವರಲ್ಲಿ ಒಬ್ಬಾಕೆ ಲಂಬಾಣಿಯಲ್ಲಿ ಮಗನನ್ನು ಗದರುತ್ತಾಳೆ, ಇನ್ನೊಬ್ಬಾಕೆ ಉರ್ದುವಿನಲ್ಲಿ ನೆರೆಮನೆಯವಳನ್ನು ಕೂಗುತ್ತಾಳೆ. ಪಾಳಿಯ ಜಗಳ ಮಾತ್ರ ಕನ್ನಡದಲ್ಲಿ, ಅದು ಎಲ್ಲರಿಗೂ ತಿಳಿಯಬೇಕಲ್ಲ. ರಾಜ್ಯದುದ್ದಕ್ಕೂ ಹರಡಿದ ಈ ಘಟಕಗಳಲ್ಲಿ ಎಷ್ಟೋ ಮುಂದೆ ನಿರ್ವಹಣೆ ಇಲ್ಲದೆ ಕೆಟ್ಟು ನಿಂತವು. ಯಂತ್ರ ತಂದು ನಿಲ್ಲಿಸಿದಷ್ಟು ಮುತುವರ್ಜಿ ಅದನ್ನು ನಡೆಸುವ ವ್ಯವಸ್ಥೆಯ ಮೇಲೆ ಇರಲಿಲ್ಲ. ಸಹಕಾರ ಸಂಘದ ಲೆಕ್ಕಪತ್ರದ ಶಿಸ್ತು ಕಂಡ ಸೀಮೆಯಿಂದ ಬಂದ ಯೋಜನೆಗೆ ಆ ಶಿಸ್ತು ಕೊನೆಯವರೆಗೆ ಜೊತೆಯಾಗಬೇಕಿತ್ತು.

ಅದೇ ಅವಧಿಯಲ್ಲಿ ಕಪ್ಪತಗುಡ್ಡದ ಪ್ರಶ್ನೆ ಎದ್ದಿತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿದ, ಔಷಧಿ ಸಸ್ಯಗಳಿಗೆ ಹೆಸರಾದ ಈ ಬೆಟ್ಟಸಾಲಿಗೆ ಸಂರಕ್ಷಿತ ಪ್ರದೇಶದ ಸ್ಥಾನ ಕೊಟ್ಟ ಸರ್ಕಾರವೇ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು. ಮುಂಡರಗಿಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬೇಡವೆಂದು 2011ರಲ್ಲಿ ರೈತರ ಜೊತೆ ನಿಂತು ಗೆದ್ದವರು ಅವರು. 2017ರಲ್ಲಿ ಸರ್ಕಾರ ಆ ಸ್ಥಾನವನ್ನು ಮರಳಿ ಕೊಟ್ಟಿತು, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಜಿಲ್ಲೆಯ ಉಸ್ತುವಾರಿ ಹೊತ್ತ ಸಚಿವರ ಕಣ್ಣೆದುರೇ ಸ್ಥಾನ ಹೋದದ್ದೂ ಬಂದದ್ದೂ ನಡೆಯಿತು. ಅದನ್ನು ಉಳಿಸಿದ ಶ್ರೇಯ ಮಾತ್ರ ಮೊದಲು ಜನರದು, ಸ್ವಾಮಿಗಳದು.

2018ರ ಚುನಾವಣೆ ಎಚ್ಚರಿಕೆಯ ಗಂಟೆಯಾಗಿತ್ತು. ಬಿಜೆಪಿಯ ಅನಿಲ ಮೆಣಸಿನಕಾಯಿಯವರ ಎದುರು ಪಾಟೀಲರು ಗೆದ್ದ ಅಂತರ 1,868 ಮತ. ಅಷ್ಟು ಜನ ಬೆಟಗೇರಿಯ ಎರಡು ಮೂರು ಮತಗಟ್ಟೆಗಳಲ್ಲೇ ಸಿಗುತ್ತಾರೆ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದಲ್ಲಿ ಅವರಿಗೆ ಸಚಿವ ಸ್ಥಾನ ಸಿಗಲಿಲ್ಲ, ಪಕ್ಷದ ಪ್ರಚಾರ ಸಮಿತಿಯ ಹೊಣೆ ಬಂತು.

2020ರ ಸೆಪ್ಟೆಂಬರ್‌ನಲ್ಲಿ ಎಐಸಿಸಿ ಅವರನ್ನು ಮಹಾರಾಷ್ಟ್ರದ ಉಸ್ತುವಾರಿಯಾಗಿ ನೇಮಿಸಿತು. ಅವರಿಗಿಂತ ಮುಂಚೆ ಆ ಹೊಣೆ ಹೊತ್ತವರು ಮಲ್ಲಿಕಾರ್ಜುನ ಖರ್ಗೆ. ಅವರೂ ಕನ್ನಡ ನಾಡಿನವರು, ಮರಾಠಿ ಉರ್ದು ಎರಡನ್ನೂ ಬಲ್ಲ ಹೈದರಾಬಾದ್ ಕರ್ನಾಟಕದವರು. ಮುಂಬಯಿಯಲ್ಲಿ ಆಗ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಸೇರಿ ನಡೆಸುತ್ತಿದ್ದ ಮಹಾ ವಿಕಾಸ ಆಘಾಡಿ ಸರ್ಕಾರ. ಬೆಳಗಾವಿಯನ್ನು ಕೇಳುತ್ತಲೇ ಬಂದ ಶಿವಸೇನೆಯ ಜೊತೆಗಿನ ಮೈತ್ರಿಯನ್ನು ಗದಗಿನ ಶಾಸಕರೊಬ್ಬರು ಸಂಭಾಳಿಸಬೇಕಾಯಿತು. 2021ರ ಜನವರಿಯಲ್ಲಿ ಮುಖ್ಯಮಂತ್ರಿ ಉದ್ಧವ ಠಾಕ್ರೆಯವರು ಕರ್ನಾಟಕದ ಮರಾಠಿ ಪ್ರದೇಶಗಳನ್ನು ಮಹಾರಾಷ್ಟ್ರಕ್ಕೆ ಸೇರಿಸುವ ಮಾತಾಡಿದಾಗ ಬೆಂಗಳೂರಿನಲ್ಲಿ ಎಲ್ಲ ಪಕ್ಷಗಳೂ ಖಂಡಿಸಿದವು. ಎರಡು ರಾಜ್ಯಗಳ ನಡುವಿನ ಮಾತುಕತೆ ನಿಂತ ದಿನಗಳಲ್ಲೂ ಎರಡೂ ಕಡೆಯ ಕಾರ್ಯಕರ್ತರ ಜೊತೆ ಕೂತು ಕೆಲಸ ಮಾಡುವ ಒಬ್ಬ ಕನ್ನಡಿಗ ಅಲ್ಲಿದ್ದರೆಂಬುದು ಚಿಕ್ಕ ವಿಷಯವಲ್ಲ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ದಿನವೂ ಮಾಡುವ ಕೆಲಸ ಅದೇ. ಗದಗಿನಿಂದ ಸೊಲ್ಲಾಪುರದ ಬಳಿಯ ಹೊಟಗಿಗೆ ರೈಲು ಹಾಕಿದ ಕಾಲದಿಂದ ಹತ್ತಿಯ ಜೊತೆ, ಗಿರಣಿ ಕೆಲಸ ಹುಡುಕಿದ ಕೂಲಿಗಳ ಜೊತೆ ಮಾತುಗಳೂ ಆ ದಾರಿಯಲ್ಲಿ ಹೋಗಿ ಬಂದಿವೆ.

2023ರ ಮೇನಲ್ಲಿ ಗದಗ ಕ್ಷೇತ್ರ ಅವರನ್ನು ಸುಮಾರು 15 ಸಾವಿರ ಮತಗಳಿಂದ ಮತ್ತೆ ಗೆಲ್ಲಿಸಿತು. ಎದುರಾಳಿ ಅದೇ ಅನಿಲ ಮೆಣಸಿನಕಾಯಿ. ಕಾನೂನು, ಸಂಸದೀಯ ವ್ಯವಹಾರ ಮತ್ತು ಪ್ರವಾಸೋದ್ಯಮ ಖಾತೆಗಳ ಜೊತೆ ಗದಗ ಜಿಲ್ಲೆಯ ಉಸ್ತುವಾರಿಯೂ ಬಂತು. ಪ್ರವಾಸೋದ್ಯಮ ಎಂದ ಕೂಡಲೇ ಗದಗಿನವರ ಬಾಯಲ್ಲಿ ಬರುವ ಹೆಸರು ಲಕ್ಕುಂಡಿ. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು ಅದು, ಗುಡಿಗಳಿಗೂ ಬಾವಿಗಳಿಗೂ ಹೆಸರಾದದ್ದು. ಮನೆಗಳ ನಡುವೆ ಸಿಕ್ಕಿಹಾಕಿಕೊಂಡ ಶಿಲ್ಪಗಳನ್ನು ಹೊರತರುವ ಕೆಲಸಕ್ಕೆ ಈ ಅವಧಿಯಲ್ಲಿ ಚುರುಕು ಬಂದಿದೆ.

ಗಡಿ ವಿಷಯಗಳ ಉಸ್ತುವಾರಿಯೂ ಅವರ ಪಾಲಿಗೆ ಬಂದ ಹೊಣೆ. ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿಗೆಂದು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, 247 ಹಳ್ಳಿಗಳನ್ನು ಕರ್ನಾಟಕಕ್ಕೂ ಕೊಡಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು, ನ್ಯಾಯಾಲಯದ್ದಲ್ಲ ಎಂಬುದು ಕರ್ನಾಟಕದ ವಾದ. ದಾವೆ ಹೂಡಿದ ವರ್ಷ ಧರಂ ಸಿಂಗ್ ಸರ್ಕಾರದಲ್ಲಿ ಕಾನೂನು ಖಾತೆ ಹಿಡಿದಿದ್ದ ಪಾಟೀಲರಿಗೆ, ಸುಮಾರು ಎರಡು ದಶಕಗಳ ಮೇಲೆ ಅದೇ ಖಾತೆಯ ಜೊತೆ ಅದೇ ಕಡತ ಮತ್ತೆ ಬಂದಿದೆ. ವಕೀಲರ ತಂಡ ಕಟ್ಟುವುದು, ಗಡಿ ತಾಲ್ಲೂಕುಗಳ ಕನ್ನಡ ಶಾಲೆಗಳ ಸ್ಥಿತಿ ವಿಚಾರಿಸುವುದು, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಶಿಕ್ಷಕರು ಸಾಲದ ದೂರು ಕೇಳುವುದು ಈ ಉಸ್ತುವಾರಿಯ ದಿನನಿತ್ಯದ ಕೆಲಸಗಳು.